ಬಯೋಮೆಡಿಕಲ್ ಸೈನ್ಸ್ ಓದಿದ ಮೇಲೆ ಮುಂದೇನು? ಮಗಳ ಪದವಿಯ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ

ಪ್ರಶ್ನೆ: ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ಪಿಸಿಎಂಬಿಯಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಅಂಕಗಳು ಚೆನ್ನಾಗಿಯೇ ಬಂದಿವೆ. ಆದರೆ ನೀಟ್‌ನಲ್ಲಿ ಬಂದ ರ‍್ಯಾಂಕಿಗೆ ಸರ್ಕಾರಿ ಎಂಬಿಬಿಎಸ್ ಸೀಟು ಸಿಗುವಂತಿಲ್ಲ. ಖಾಸಗಿ ಸೀಟಿನ ಶುಲ್ಕ, ಎಲೆಚುಕ್ಕಿ ರೋಗ ಹತ್ತಿದ ಎರಡು ಎಕರೆ ತೋಟವನ್ನು ನಂಬಿಕೊಂಡಿರುವ ನಮ್ಮಂಥವರಿಗೆ ಆಗದ ಮಾತು. ಇನ್ನೊಂದು ವರ್ಷ ಕೋಚಿಂಗಿಗೆ ಕೂರುವುದಿಲ್ಲವೆಂದು ಅವಳೇ ಕಡ್ಡಿ ಮುರಿದಂತೆ ಹೇಳಿದ್ದಾಳೆ.

ಅವಳ ಮನಸ್ಸಿರುವುದು ಬಯೋಮೆಡಿಕಲ್ ಸೈನ್ಸ್ ಮೇಲೆ. ಇದಕ್ಕೊಂದು ಹಿನ್ನೆಲೆಯಿದೆ. ಕೆಲವು ವರ್ಷಗಳ ಹಿಂದೆ, ಕೊಟ್ಟಿಗೆಗೆ ದರಗು (ಉದುರಿದ ಒಣ ಎಲೆ) ತರಲೆಂದು ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದ ನನ್ನ ತಮ್ಮನಿಗೆ ಉಣುಗು ಕಚ್ಚಿ ಮಂಗನ ಕಾಯಿಲೆ ಬಂದಿತ್ತು. ಆಸ್ಪತ್ರೆಯವರು ರಕ್ತ ತೆಗೆದುಕೊಂಡು ಹೋದಂದಿನಿಂದ ವರದಿ ಬರುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆಗ ಹೈಸ್ಕೂಲಿನಲ್ಲಿದ್ದ ಮಗಳು ಕೇಳಿದ್ದು ಒಂದೇ ಪ್ರಶ್ನೆ: ಆ ಪುಟ್ಟ ಟ್ಯೂಬಿನ ರಕ್ತದಲ್ಲಿ ಅವರು ಏನನ್ನು ಹುಡುಕುತ್ತಾರೆ, ಹೇಗೆ ಹುಡುಕುತ್ತಾರೆ? ತಮ್ಮ ಹುಷಾರಾಗಿ ಈಗ ತೋಟದ ಕೆಲಸವನ್ನೂ ಮಾಡುತ್ತಿದ್ದಾನೆ. ಮಗಳು ಮಾತ್ರ ಆ ಪ್ರಶ್ನೆಯನ್ನು ಬಿಟ್ಟಿಲ್ಲ.

ನನ್ನ ಗೊಂದಲ ಬೇರೆ. ಬಯೋಮೆಡಿಕಲ್ ಸೈನ್ಸ್, ಬಯೋಮೆಡಿಕಲ್ ಎಂಜಿನಿಯರಿಂಗ್, ಮೆಡಿಕಲ್ ಲ್ಯಾಬ್ ಟೆಕ್ನಾಲಜಿ, ಬಯೋಟೆಕ್ನಾಲಜಿ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಪ್ರವೇಶ ಮಾಡಿಸಿಕೊಡುವ ಒಬ್ಬ ಮಧ್ಯವರ್ತಿಯಂತೂ ಮನೆಯವರೆಗೆ ಬಂದು, ಇದು ಹೆಚ್ಚುಕಡಿಮೆ ಡಾಕ್ಟರಿಕೆಗೆ ಸಮ ಎಂದು ಹೇಳಿ ಹೋದ. ಇವುಗಳಲ್ಲಿ ವ್ಯತ್ಯಾಸವೇನು, ಮೂರು ವರ್ಷ ಓದಿದ ಕೂಡಲೇ ಕೆಲಸ ಸಿಗುತ್ತದೆಯೇ, ದೂರದ ಊರಿಗೆ ಕಳುಹಿಸಲೇಬೇಕೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸಾಗರದ ಕಡೆಯವಳು, ಈಗ ಬೆಂಗಳೂರಿನಲ್ಲಿ ಸಂಶೋಧನಾ ವಿದ್ಯಾರ್ಥಿನಿ

ಮಾನ್ಯರೇ, ಮೊದಲಿಗೆ ಆ ಮಧ್ಯವರ್ತಿಯ ಮಾತನ್ನು ಪಕ್ಕಕ್ಕಿಡಿ. ಬಯೋಮೆಡಿಕಲ್ ಸೈನ್ಸ್ ಪದವೀಧರರು ರೋಗಿಗೆ ಔಷಧಿ ಬರೆಯುವಂತಿಲ್ಲ. ಅದು ಡಾಕ್ಟರಿಕೆಗೆ ಸಮವೂ ಅಲ್ಲ, ಅದರ ಕೆಳಗಿನ ಮೆಟ್ಟಿಲೂ ಅಲ್ಲ. ವೈದ್ಯರು ರೋಗಿಯನ್ನು ನೋಡುತ್ತಾರೆ. ಈ ಶಾಸ್ತ್ರದವರು ರೋಗವನ್ನು ನೋಡುತ್ತಾರೆ. ಜೀವಕೋಶದಲ್ಲಿ ಏನು ಕೆಟ್ಟಿತು, ವೈರಸ್ ಒಳಗೆ ಹೇಗೆ ಹೊಕ್ಕಿತು, ದೇಹ ಅದನ್ನು ಹೇಗೆ ಗುರುತಿಸಿತು, ಔಷಧಿ ಎಲ್ಲಿ ಹೋಗಿ ಕೂರುತ್ತದೆ ಎಂಬುದೇ ಅವರ ಓದು. ಪಠ್ಯದಲ್ಲಿ ಜೀವರಸಾಯನಶಾಸ್ತ್ರ, ಮಾನವ ಶರೀರಕ್ರಿಯಾಶಾಸ್ತ್ರ, ತಳಿಶಾಸ್ತ್ರ, ರೋಗನಿರೋಧ ವಿಜ್ಞಾನ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ, ಸಂಖ್ಯಾಶಾಸ್ತ್ರ ಇರುತ್ತವೆ. ಬಯೋಮೆಡಿಕಲ್ ಎಂಜಿನಿಯರಿಂಗ್ ಎಂಬುದು ಇಸಿಜಿ, ವೆಂಟಿಲೇಟರ್, ಸ್ಕ್ಯಾನಿಂಗ್‌ನಂತಹ ಯಂತ್ರಗಳ ವಿದ್ಯೆ. ಅದಕ್ಕೆ ಹೋಗುವುದು ಸಿಇಟಿಯ ದಾರಿಯಲ್ಲಿ. ಲ್ಯಾಬ್ ಟೆಕ್ನಾಲಜಿಯ ಬಗ್ಗೆ ಆ ಕೆಲಸದಲ್ಲೇ ಇರುವವರು ಹೇಳಿದರೆ ಚೆನ್ನ.

ಅಂತರ್ಜಾಲದಲ್ಲಿ ಹುಡುಕುವಾಗ ಒಂದು ಎಚ್ಚರಿಕೆ ಬೇಕು. ಈ ವಿಷಯದ ಬರಹಗಳಲ್ಲಿ ಬಹಳಷ್ಟು ಬ್ರಿಟನ್ನಿನವು. ಅಲ್ಲಿ ‘ಬಯೋಮೆಡಿಕಲ್ ಸೈಂಟಿಸ್ಟ್’ ಎಂಬುದು ಕಾನೂನಿನ ರಕ್ಷಣೆಯಿರುವ ಹುದ್ದೆಯ ಹೆಸರು. ಮಾನ್ಯತೆ ಪಡೆದ ಪದವಿ ಓದಿ, ತರಬೇತಿ ಮುಗಿಸಿ, ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳದೆ ಯಾರೂ ತಮ್ಮನ್ನು ಹಾಗೆ ಕರೆದುಕೊಳ್ಳುವಂತಿಲ್ಲ; ಆಸ್ಪತ್ರೆಯ ರಕ್ತಪರೀಕ್ಷೆಗಳನ್ನು ಮಾಡುವವರೂ ಅವರೇ. ನಮ್ಮಲ್ಲಿ ಅದೇ ಹೆಸರಿನ ಪದವಿ ಹಾಗೆ ನೇರವಾಗಿ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಒಯ್ಯುವುದಿಲ್ಲ. ಹೆಸರೊಂದೇ, ಬಾಗಿಲು ಬೇರೆ. ಇದನ್ನು ತಿಳಿಯದೆ ಸೇರಿದ ನನ್ನ ಸಹಪಾಠಿಗಳಲ್ಲಿ ಕೆಲವರು ಮೂರನೆಯ ವರ್ಷದಲ್ಲಿ ಕಂಗಾಲಾದರು.

ನಾನು ಓದಿದ್ದು ದೆಹಲಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಆನರ್ಸ್ ಬಯೋಮೆಡಿಕಲ್ ಸೈನ್ಸ್. ಅಲ್ಲಿನ ಕೆಲವೇ ಕಾಲೇಜುಗಳಲ್ಲಿ ಈ ವಿಷಯವಿದ್ದು, 2022ರಿಂದ ಪ್ರವೇಶ ಸಿಯುಇಟಿ ಪರೀಕ್ಷೆಯ ಮೂಲಕ ನಡೆಯುತ್ತಿದೆ. ಅದೇ ವಿಶ್ವವಿದ್ಯಾಲಯದ ಡಾ. ಬಿ.ಆರ್. ಅಂಬೇಡ್ಕರ್ ಜೈವಿಕ ವೈದ್ಯಕೀಯ ಸಂಶೋಧನಾ ಕೇಂದ್ರದಲ್ಲಿ ಎಂ.ಎಸ್‌ಸಿ. ಮತ್ತು ಪಿಎಚ್‌.ಡಿ. ಮಾಡಬಹುದು. ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಎಲೈಸಾ ಪರೀಕ್ಷೆಯನ್ನು ಮೊದಲ ಸಲ ಮಾಡಿದ ದಿನ ನನಗೆ ಇನ್ನೂ ನೆನಪಿದೆ. ತೊಂಬತ್ತಾರು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯನ್ನು ನೋಡಿ ಮೊದಲು ಹೊಳೆದದ್ದು ನಮ್ಮಜ್ಜಿಯ ಚನ್ನೆಮಣೆ. ಒಂದೊಂದು ಗುಳಿಗೂ ಪಿಪೆಟ್ಟಿನಿಂದ ಅಳೆದು ಹನಿ ಬಿಡಬೇಕು, ತೊಳೆಯಬೇಕು, ಕಾಯಬೇಕು, ಮತ್ತೆ ತೊಳೆಯಬೇಕು. ಸಂಜೆಯ ಹೊತ್ತಿಗೆ ಹೆಬ್ಬೆರಳು ಮರಗಟ್ಟಿತ್ತು. ಕೊನೆಯಲ್ಲಿ ಬಣ್ಣದ ದ್ರಾವಣ ಹಾಕಿದಾಗ ಕೆಲವು ಗುಳಿಗಳು ನಿಧಾನಕ್ಕೆ ನೀಲಿಯಾದವು, ಆಮ್ಲ ಬಿದ್ದೊಡನೆ ಹಳದಿಗೆ ತಿರುಗಿದವು. ಪ್ರತಿಕಾಯವಿದ್ದ ರಕ್ತ ಯಾವುದು, ಇಲ್ಲದ್ದು ಯಾವುದು ಎಂದು ಕಣ್ಣಿಗೇ ಕಾಣುತ್ತಿತ್ತು. ನಿಮ್ಮ ಮಗಳ ಪ್ರಶ್ನೆಗೆ ಅರ್ಧ ಉತ್ತರ ಆ ತಟ್ಟೆಯಲ್ಲಿದೆ.

ಇನ್ನು ಕೆಲಸದ ವಿಚಾರ. ಬರೀ ಬಿ.ಎಸ್‌ಸಿ.ಗೆ ಸಿಗುವ ಕೆಲಸಗಳಿವೆ. ಆದರೆ ಅವು ಬಹುತೇಕ ಬೆಂಗಳೂರು, ಹೈದರಾಬಾದಿನಂತಹ ನಗರಗಳಲ್ಲಿವೆ, ಆರಂಭದ ಸಂಬಳವೂ ಹೇಳಿಕೊಳ್ಳುವಂಥದ್ದಲ್ಲ. ಔಷಧ ಕಂಪನಿಗಳ ಗುಣಮಟ್ಟ ಪರೀಕ್ಷಾ ವಿಭಾಗ, ಹೊಸ ಔಷಧಿಗಳ ಪ್ರಯೋಗಗಳನ್ನು ನಡೆಸಿಕೊಡುವ ಸಂಸ್ಥೆಗಳು, ಫಾರ್ಮಕೋವಿಜಿಲೆನ್ಸ್ ಎಂಬ ಅಡ್ಡಪರಿಣಾಮಗಳ ನಿಗಾ ಇವು ಮುಖ್ಯವಾದವು. ಕೊನೆಯದು ಅನೇಕರಿಗೆ ಬರೀ ಕಂಪ್ಯೂಟರ್ ಕೆಲಸದಂತೆ ಕಾಣುತ್ತದೆ. ಆದರೆ ಪ್ರಯೋಗದ ಹಂತದಲ್ಲಿರುವ ಔಷಧಿಯಿಂದ ನಿರೀಕ್ಷಿಸದ, ಜೀವಕ್ಕೆ ಅಪಾಯ ತರುವ ಪರಿಣಾಮವಾದರೆ ಏಳು ದಿನಗಳೊಳಗೆ ನಿಯಂತ್ರಕರಿಗೆ ತಿಳಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಆ ವರದಿಯನ್ನು ಓದಿ, ಇದು ಔಷಧಿಯಿಂದಲೇ ಆದದ್ದೇ ಎಂಬ ವಿವೇಚನೆಗೆ ಬೇಕಾದುದನ್ನೆಲ್ಲ ಒಟ್ಟುಮಾಡಲು ಶರೀರಕ್ರಿಯಾಶಾಸ್ತ್ರ ಗೊತ್ತಿರಲೇಬೇಕು.

ಸಂಶೋಧನೆಯತ್ತ ಮನಸ್ಸಿದ್ದರೆ ಎಂ.ಎಸ್‌ಸಿ. ಸಾಮಾನ್ಯ ದಾರಿ. ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಗಳಲ್ಲಿ ಬಿ.ಎಸ್‌ಸಿ. ಆದ ಕೂಡಲೇ ಸೇರಬಹುದಾದ ಇಂಟಿಗ್ರೇಟೆಡ್ ಪಿಎಚ್‌.ಡಿ.ಯೂ ಇದೆ. ಸಿಎಸ್‌ಐಆರ್ ನೆಟ್‌ನಂತಹ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಪಡೆದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್ ಆಗಿ 42,000 ರೂಪಾಯಿ ಸಿಗುತ್ತದೆ. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. ಅಂದರೆ ಪಿಎಚ್‌.ಡಿ.ಯ ಹೊತ್ತಿಗೆ ತಂದೆಯ ಜೇಬಿಗೆ ಕೈ ಹಾಕಬೇಕಾಗಿಲ್ಲ. ಆದರೆ ಅಲ್ಲಿಗೆ ಮುಟ್ಟಲು ಐದಾರು ವರ್ಷ ಬೇಕು, ಅದರ ನಂತರ ಇನ್ನೈದು ವರ್ಷ. ಜೊತೆಯ ಗೆಳತಿಯರೆಲ್ಲ ಸಂಬಳ ಎಣಿಸುವಾಗ ನಾವು ಪ್ರಯೋಗ ಕೆಟ್ಟದ್ದೇಕೆಂದು ಎಣಿಸುತ್ತಿರುತ್ತೇವೆ. ಇದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಇಷ್ಟೂ ಹುದ್ದೆಗಳು ಒಂದಕ್ಕೊಂದು ಹೇಗೆ ಸೇರುತ್ತವೆ ಎಂಬುದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. ಮಂಗನ ಕಾಯಿಲೆಯ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಅದನ್ನು ನಿಲ್ಲಿಸಲಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಂದಾಳತ್ವದಲ್ಲಿ ಹೊಸದರ ಕೆಲಸ ನಡೆದಿದೆ. ಇಂಥ ಒಂದು ಲಸಿಕೆಗೆ ಎಷ್ಟು ಕೈ ಬೇಕು ನೋಡಿ. ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯದಲ್ಲಿ ವೈರಸ್ಸನ್ನು ಕೋಶಗಳಲ್ಲಿ ಬೆಳೆಸಿ, ಅದನ್ನು ನಿಷ್ಕ್ರಿಯಗೊಳಿಸಿ, ನಿಜವಾಗಿಯೂ ಸತ್ತಿದೆಯೇ ಎಂದು ಖಚಿತಪಡಿಸುವವರು ವೈರಾಣು ತಜ್ಞರು. ಪ್ರಾಣಿಗಳಲ್ಲಿ ಪರೀಕ್ಷಿಸುವಾಗ ಪಶುವೈದ್ಯರೂ ರೋಗಶಾಸ್ತ್ರಜ್ಞರೂ ಬರುತ್ತಾರೆ. ಎಷ್ಟು ಜನರ ಮೇಲೆ ಪ್ರಯೋಗ ಮಾಡಿದರೆ ಫಲಿತಾಂಶ ನಂಬಬಹುದು ಎಂದು ಲೆಕ್ಕ ಹಾಕಿಕೊಡುವವರು ಸಂಖ್ಯಾಶಾಸ್ತ್ರಜ್ಞರು. ಸ್ವಯಂಸೇವಕರಿಗೆ ಅವರ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯುವ ಸಂಯೋಜಕರು, ಕಾರ್ಖಾನೆಯಲ್ಲಿ ಪ್ರತಿ ಬ್ಯಾಚನ್ನೂ ಪರೀಕ್ಷಿಸುವವರು, ಕಡತ ನೋಡಿ ಅನುಮತಿ ಕೊಡುವ ನಿಯಂತ್ರಕ ಕಚೇರಿಯವರು, ಕೊಟ್ಟ ಮೇಲೆ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವವರು ಬೇರೆ ಬೇರೆ. ಇವರಲ್ಲಿ ಪಶುವೈದ್ಯರನ್ನು ಬಿಟ್ಟು ಮಿಕ್ಕ ಬಹುತೇಕ ಜಾಗಗಳಿಗೆ ಬಯೋಮೆಡಿಕಲ್ ಸೈನ್ಸ್ ಓದಿದವರು, ಮೇಲೊಂದು ಪದವಿಯೋ ತರಬೇತಿಯೋ ಪಡೆದು ಹೋಗಬಹುದು. ಯಾವ ಜಾಗ ತನ್ನದು ಎಂಬ ಅಂದಾಜು ಎರಡನೆಯ ವರ್ಷದೊಳಗೆ ಇರಬೇಕು.

ಉತ್ತರ: ಪ್ರಯೋಗಾಲಯ ತಂತ್ರಜ್ಞ, ಶಿವಮೊಗ್ಗ

ಸಾಗರದ ಸಹೋದರಿ ನನಗೆ ಬಿಟ್ಟುಕೊಟ್ಟ ಭಾಗವನ್ನು ಹೇಳುತ್ತೇನೆ.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಬೇಕು, ಸರ್ಕಾರಿ ಹುದ್ದೆಗೂ ಅರ್ಜಿ ಹಾಕಬೇಕು ಎಂದಿದ್ದರೆ ಓದಬೇಕಾದದ್ದು ಮೆಡಿಕಲ್ ಲ್ಯಾಬ್ ಟೆಕ್ನಾಲಜಿ. ಡಿಪ್ಲೊಮಾ ಆದರೂ ಸರಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಬಿ.ಎಸ್‌ಸಿ. ಆದರೆ ಇನ್ನೂ ಉತ್ತಮ. ಅದರಲ್ಲಿ ಆಸ್ಪತ್ರೆಯ ಇಂಟರ್ನ್‌ಶಿಪ್ ಸೇರಿದೆ. ಸಂಬಂಧಿತ ಆರೋಗ್ಯ ವೃತ್ತಿಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಕಾಯ್ದೆ ತಂದಿದ್ದು, ವೈದ್ಯಕೀಯ ಪ್ರಯೋಗಾಲಯ ಮತ್ತು ಜೀವವಿಜ್ಞಾನ ಎಂಬುದು ಅದರ ಪಟ್ಟಿಯಲ್ಲಿ ಒಂದು ವರ್ಗ. ಆದ್ದರಿಂದ ಯಾವ ಕಾಲೇಜಿಗೆ ಸೇರುವ ಮೊದಲೂ, ಈ ಪದವಿಯಿಂದ ಯಾವ ಹೆಸರಿನಲ್ಲಿ ನೋಂದಣಿ ಸಿಗುತ್ತದೆ ಎಂದು ಬರಹದಲ್ಲಿ ಕೇಳಿ. ಬಾಯಿಮಾತು ಬೇಡ. ನನ್ನ ಅಕ್ಕನ ಮಗ ಬಾಯಿಮಾತು ನಂಬಿ ಒಂದು ಖಾಸಗಿ ಕಾಲೇಜಿಗೆ ಸೇರಿದ. ಮೂರು ವರ್ಷದ ನಂತರ ತಂತ್ರಜ್ಞನ ಹುದ್ದೆಗೆ ಅರ್ಜಿ ಹಾಕಿದಾಗ ಅವನ ಪದವಿಯ ಹೆಸರೇ ಅರ್ಹತೆಯ ಪಟ್ಟಿಯಲ್ಲಿರಲಿಲ್ಲ. ಮತ್ತೆ ಡಿಪ್ಲೊಮಾಕ್ಕೆ ಕೂತ.

ಮಗಳ ಪ್ರಶ್ನೆಯ ಉಳಿದರ್ಧ ನನ್ನ ಕಡೆಯಿಂದ. ಡಿಸೆಂಬರ್‌ನಿಂದ ಮೇವರೆಗೆ ನಮಗೆ ಮಂಗನ ಕಾಯಿಲೆಯ ಕಾಲ. ಒಣ ಹವೆಯಲ್ಲಿ ಎಳೆಯ ಉಣುಗುಗಳು ಹೆಚ್ಚುವ ಸಮಯವದು. ಮೂರು ಪದರದ ಪ್ಯಾಕಿಂಗ್‌ನಲ್ಲಿ, ಐಸ್ ಜೆಲ್ ನಡುವೆ ರಕ್ತದ ಮಾದರಿ ಬಂದಾಗ ನಾನು ಮೊದಲು ನೋಡುವುದು ಟ್ಯೂಬನ್ನಲ್ಲ, ಜೊತೆಗಿರುವ ಕಾಗದದಲ್ಲಿ ಜ್ವರ ಎಂದು ಶುರುವಾಯಿತು ಎಂಬ ಸಾಲನ್ನು. ಮೊದಲ ನಾಲ್ಕೈದು ದಿನ ರಕ್ತದಲ್ಲಿ ವೈರಸ್ಸೇ ಇರುತ್ತದೆ, ಆದ್ದರಿಂದ ಆರ್‌ಟಿ-ಪಿಸಿಆರ್‌ನಲ್ಲಿ ಅದರ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ವಸ್ತುವನ್ನು ಹುಡುಕುತ್ತೇವೆ. ದಿನ ಕಳೆದಂತೆ ವೈರಸ್ ಕಡಿಮೆಯಾಗಿ ದೇಹ ತಯಾರಿಸಿದ ಐಜಿಎಂ ಪ್ರತಿಕಾಯ ಏರುತ್ತದೆ, ಆಗ ಎಲೈಸಾ. ದಿನಾಂಕದ ಸಾಲು ಖಾಲಿ ಬಿಟ್ಟು ಕಳುಹಿಸಿದರೆ, ಹನ್ನೆರಡನೆಯ ದಿನದ ರಕ್ತದಲ್ಲಿ ವೈರಸ್ ಸಿಗದೆ ‘ನೆಗೆಟಿವ್’ ಎಂದು ಬರೆದು ಬಿಡುವ ಅಪಾಯವಿದೆ. ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ಕೇಳಬಾರದ ಪ್ರಶ್ನೆ ಕೇಳಿದರೆ ಅದು ಏನು ಮಾಡೀತು? ಇದನ್ನು ತಿಳಿದು ಮಾಡುವವನಿಗೂ ಗುಂಡಿ ಒತ್ತುವವನಿಗೂ ಇರುವ ವ್ಯತ್ಯಾಸಕ್ಕಾಗಿಯೇ ಓದು ಬೇಕು.

ಉತ್ತರ: ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ತೀರ್ಥಹಳ್ಳಿ

ಹದಿನೆಂಟರ ಹುಡುಗಿಯನ್ನು ದೆಹಲಿಗೆ ಕಳುಹಿಸುವ ಸಲಹೆಗೆ ನನ್ನ ಸಹಮತವಿಲ್ಲ. ಧೈರ್ಯದ ಪ್ರಶ್ನೆಯಲ್ಲ ಇದು. ಖರ್ಚಿನದೂ ಅಗತ್ಯದ್ದೂ ಆದ ಪ್ರಶ್ನೆ. ಬಿ.ಎಸ್‌ಸಿ.ಯಲ್ಲಿ ಬೇಕಾದದ್ದು ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದ ಗಟ್ಟಿ ತಳಪಾಯ. ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ ಅದನ್ನು ಅತಿ ಕಡಿಮೆ ಶುಲ್ಕದಲ್ಲಿ ಪಡೆಯಬಹುದು. ಮುಂದೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ ಮೂರರಲ್ಲೂ ಎಂ.ಎಸ್‌ಸಿ. ಇದೆ. ಎಂ.ಎಸ್‌ಸಿ. ಪ್ರವೇಶಕ್ಕಿರುವ ಜಾಮ್, ಗ್ಯಾಟ್-ಬಿ, ಮುಂದಿನ ಸಿಎಸ್‌ಐಆರ್ ನೆಟ್ ಪರೀಕ್ಷೆಗಳು ಪದವಿಯ ಪತ್ರದ ಮೇಲೆ ‘ಬಯೋಮೆಡಿಕಲ್’ ಎಂದು ಇದೆಯೇ ಎಂದು ನೋಡುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಇದೇ ದಾರಿಯಲ್ಲಿ ಹೋಗಿ ದೊಡ್ಡ ಸಂಸ್ಥೆಗಳನ್ನು ಸೇರಿದವರಿದ್ದಾರೆ. ಕರ್ನಾಟಕದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ ಎಂಬುದೂ ಲೆಕ್ಕಕ್ಕೆ ಬರಲಿ. ದೆಹಲಿಯಲ್ಲಿ ಪೂರ್ಣ ಆನರ್ಸ್ ನಾಲ್ಕು ವರ್ಷ.

ಈ ಶಾಸ್ತ್ರ ಎಲ್ಲೋ ದೂರದ್ದೆಂಬ ಭಾವನೆಯೂ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿ, ಹಳ್ಳಿಗಳಲ್ಲಿ ಜನರಿಗೆ ಜ್ವರ ಬಂದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಭಯ ಹಳದಿ ಜ್ವರದ್ದು. ಮಂಗಗಳನ್ನು ಕೊಲ್ಲುವ ಆ ರೋಗ ಭಾರತಕ್ಕೆ ಎಂದೂ ಬಂದಿರಲಿಲ್ಲ. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸತ್ತ ಮಂಗದಿಂದ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ, ಸೊಳ್ಳೆಯಿಂದ ಬರುವಂಥದ್ದೂ ಅಲ್ಲ. ಸಾವಿರಾರು ಮೈಲಿ ದೂರದ ರಷ್ಯಾದ, ಉಣುಗಿನಿಂದ ಹರಡುವ ಮೆದುಳುಜ್ವರದ ವೈರಸ್‌ಗೆ ಹತ್ತಿರದ ನಂಟು. ಕಾಡಿನಂಚಿಗೆ ಮೇಯಲು ಹೋಗುವ ದನಗಳು ಉಣುಗಿನ ಸಂಖ್ಯೆ ಹೆಚ್ಚಲು ಕಾರಣವಾಗುತ್ತವೆ ಎಂಬ ವಿಚಾರ ಆಮೇಲಿನದು. ಕಾಡು, ಕೊಟ್ಟಿಗೆ, ಮಂಗ, ಮನುಷ್ಯ ಇಷ್ಟನ್ನೂ ಒಟ್ಟಿಗೆ ನೋಡಬಲ್ಲವರು ಬೇಕಾಗಿರುವುದು ಇಲ್ಲಿಗೇ. ದರಗು ಗುಡಿಸಿ ಗೊತ್ತಿರುವ ಹುಡುಗಿಗೆ ನಗರದವರಿಗಿಲ್ಲದ ಒಂದು ತಿಳಿವಳಿಕೆ ಈಗಾಗಲೇ ಇದೆ.

ಉತ್ತರ: ಸಾಗರದ ಕಡೆಯವಳು

ಮೇಷ್ಟ್ರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಹೆಸರಿಗಾಗಿ ದೂರ ಹೋಗಬೇಕಾಗಿಲ್ಲ. ಆದರೆ ಮೂರು ವರ್ಷದಲ್ಲಿ ಒಮ್ಮೆಯಾದರೂ ಕೋಶಗಳನ್ನು ಸ್ವತಃ ಬೆಳೆಸಿ, ಪಿಸಿಆರ್ ಸ್ವತಃ ಮಾಡಿದ ಅನುಭವ ಇರಬೇಕು. ಅನೇಕ ಕಾಲೇಜುಗಳಲ್ಲಿ ಯಂತ್ರ ಬೀರುವಿನೊಳಗಿರುತ್ತದೆ, ವಿದ್ಯಾರ್ಥಿಗಳು ಗಾಜಿನಾಚೆಯಿಂದ ನೋಡುತ್ತಾರೆ. ಊರಿನಲ್ಲೇ ಓದಿದರೆ ಬೇಸಿಗೆ ರಜೆಯ ಸಂಶೋಧನಾ ತರಬೇತಿಗೆ ಪ್ರತಿ ವರ್ಷ ಅರ್ಜಿ ಹಾಕಲಿ. ಬೆಂಗಳೂರಿನ ಜೆಎನ್‌ಸಿಎಎಸ್‌ಆರ್ ಎಂಬ ಸಂಶೋಧನಾ ಸಂಸ್ಥೆಯೂ ವಿಜ್ಞಾನ ಅಕಾಡೆಮಿಗಳೂ ಇದನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿವೆ.

ಪ್ರಶ್ನೆ ಕೇಳಿದವರ ಮಗಳು

ಅಪ್ಪನ ಖಾತೆಯಿಂದ ಬರೆಯುತ್ತಿದ್ದೇನೆ. ಎಲ್ಲರಿಗೂ ವಂದನೆಗಳು. ನನ್ನವು ಮೂರು ಸಂದೇಹಗಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಅದು ತೊಡಕಾಗುವುದೇ? ಗಣಿತವನ್ನು ಇನ್ನು ಬಿಟ್ಟುಬಿಡಬಹುದೇ? ಪ್ರಾಣಿಗಳನ್ನು ಕೊಯ್ಯಲು ನನಗೆ ಮನಸ್ಸಿಲ್ಲ. ಹಾಗಿದ್ದರೆ ಈ ವಿಷಯ ನನಗಲ್ಲವೇ?

ಉತ್ತರ: ಸಾಗರದ ಕಡೆಯವಳು

ತಂಗೀ, ನಾನೂ ಕನ್ನಡ ಮಾಧ್ಯಮದವಳೇ. ಮೊದಲ ಸೆಮಿಸ್ಟರ್ ಕಷ್ಟ, ಆಮೇಲೆ ಎಲ್ಲರಿಗೂ ಪದಗಳು ಹೊಸವೇ. ಪ್ರಾಣಿಗಳ ವಿಚಾರದಲ್ಲಿ, ಪದವಿ ತರಗತಿಗಳಲ್ಲಿ ಕೊಯ್ಯಿಸುವ ಪದ್ಧತಿಗೆ ಯುಜಿಸಿ ದಶಕದ ಹಿಂದೆಯೇ ಕಡಿವಾಣ ಹಾಕಿದೆ. ಸಂಶೋಧನೆಯಲ್ಲಿಯೂ ನೈತಿಕ ಸಮಿತಿಯ ಅನುಮತಿಯಿಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಕೋಶಗಳ ಮೇಲೆ, ರೋಗಿಗಳ ಮಾದರಿಗಳ ಮೇಲೆ, ಕಂಪ್ಯೂಟರಿನಲ್ಲಿ ಮಾತ್ರ ಕೆಲಸ ಮಾಡುವವರು ಬೇಕಾದಷ್ಟಿದ್ದಾರೆ.

ಗಣಿತವನ್ನು ಮಾತ್ರ ಬಿಡಬೇಡ. ಒಂದು ಲೆಕ್ಕ ಹೇಳುತ್ತೇನೆ. ಜ್ವರ ಬಂದ ಸಾವಿರ ಜನರಲ್ಲಿ ಹತ್ತು ಮಂದಿಗೆ ಮಾತ್ರ ನಿಜವಾಗಿ ಮಂಗನ ಕಾಯಿಲೆ ಇದೆ ಎಂದಿಟ್ಟುಕೋ. ನಮ್ಮ ಪರೀಕ್ಷೆ ಆ ಹತ್ತನ್ನೂ ಹಿಡಿಯುತ್ತದೆ, ರೋಗವಿಲ್ಲದ ನೂರರಲ್ಲಿ ಒಬ್ಬರನ್ನು ಮಾತ್ರ ತಪ್ಪಾಗಿ ‘ಪಾಸಿಟಿವ್’ ಎನ್ನುತ್ತದೆ ಎಂದೂ ಇರಲಿ. ಕೇಳಲು ಎಷ್ಟು ಒಳ್ಳೆಯ ಪರೀಕ್ಷೆ! ಆದರೆ ರೋಗವಿಲ್ಲದ 990 ಮಂದಿಯಲ್ಲಿ ಸುಮಾರು ಹತ್ತು ಮಂದಿ ತಪ್ಪಾಗಿ ಸಿಕ್ಕಿಬೀಳುತ್ತಾರೆ. ಅಂದರೆ ಪಾಸಿಟಿವ್ ವರದಿ ಪಡೆದ ಇಪ್ಪತ್ತು ಜನರಲ್ಲಿ ಅರ್ಧದಷ್ಟು ಜನರಿಗೆ ಆ ರೋಗವೇ ಇಲ್ಲ. ಚಿಕ್ಕಪ್ಪನ ವರದಿಗಾಗಿ ಕಾದಿದ್ದ ಮನೆಯವಳು ನೀನು. ಈ ಲೆಕ್ಕ ಬಾರದವರ ಕೈಯಲ್ಲಿ ಆ ವರದಿ ಇರುವುದು ನಿನಗೆ ಒಪ್ಪಿಗೆಯೇ?

ಉತ್ತರ: ಪ್ರಯೋಗಾಲಯ ತಂತ್ರಜ್ಞ, ಶಿವಮೊಗ್ಗ

ಅರ್ಜಿ ಹಾಕುವ ಮೊದಲು ಒಂದು ಪೂರ್ತಿ ದಿನ ಯಾವುದಾದರೂ ಆಸ್ಪತ್ರೆಯ ಪ್ರಯೋಗಾಲಯವನ್ನು ನೋಡಿಕೊಂಡು ಬರಲಿ. ಮುಖ್ಯಸ್ಥರಿಗೆ ಕಾಲೇಜಿನ ಪ್ರಾಂಶುಪಾಲರಿಂದ ಒಂದು ಪತ್ರ ಬರೆಸಿ ಕೊಟ್ಟು ಕೇಳಿದರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಬೆಳಗ್ಗೆ ಎಂಟಕ್ಕೇ ಹೋಗಬೇಕು, ಮಾದರಿಗಳು ಬರುವ ಹೊತ್ತು ಅದು. ಕಾಲನ್ನು ಪೂರ್ತಿ ಮುಚ್ಚುವ ಬೂಟು ಹಾಕಿಕೊಂಡು ಹೋಗಲಿ. ಚಪ್ಪಲಿಯಲ್ಲಿ ಬಂದವರನ್ನು ನಾವು ಒಳಗೆ ಬಿಡುವುದಿಲ್ಲ.